ಕದ್ದು ಕೇಳೋದು, ಕೇಳಿ ಕದಿಯೋದು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಕಾರಿಡಾರಿನಲ್ಲಿ ನನ್ನ ಚಪ್ಪಲಿ ಸದ್ದಾದರೆ ಒಂಬತ್ತನೇ ಕ್ಲಾಸು ತಾನಾಗಿ ತೆಪ್ಪಗಾಗುತ್ತದೆ. ಬಹುಶಃ ಅದಕ್ಕೇ ಇರಬೇಕು, ಬೇರೆ ಯಾರಿಗೂ ಬೇಡವಾದ ಪಾಠಗಳೆಲ್ಲ ಸುತ್ತಿ ಬಳಸಿ ನನ್ನ ಕೊರಳಿಗೇ ಬೀಳುತ್ತವೆ. ರಸ್ತೆ ಸುರಕ್ಷತೆಯ ಭಾಷಣ ನನಗೆ, ಪ್ಲಾಸ್ಟಿಕ್ ಬಿಡಿ ಎನ್ನುವ ಜಾಥಾ ನನಗೆ. ಒಂದು ವರ್ಷ ಮಕ್ಕಳಿಗೆ ಹಾಡಿನ ಕಳ್ಳತನದ ಬಗ್ಗೆ, ಕೃತಿಸ್ವಾಮ್ಯದ ಬಗ್ಗೆ ತಿಳಿವಳಿಕೆ ಕೊಡಬೇಕು ಅಂತಾಯಿತು. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಕನ್ನಡಕ ಹಣೆಗೇರಿಸಿ ಸುತ್ತ ನೋಡಿದರು. ಹಾಡು, ಪದ್ಯ ಎಲ್ಲಾ ಕನ್ನಡ ಮೇಡಮ್ಮಿನ ಡಿಪಾರ್ಟ್‌ಮೆಂಟ್ ಅಲ್ವಾ ಎಂದು ನನ್ನ ಕಡೆ ತಿರುಗಿದರು. ವಿಜ್ಞಾನದ ಮೇಷ್ಟ್ರು ಕಿಟಕಿಯಾಚೆಗಿನ ಬೆಟ್ಟವನ್ನು ಅವತ್ತೇ ಮೊದಲ ಸಲ ಕಂಡವರಂತೆ ನೋಡುತ್ತಿದ್ದರು.

ನಮ್ಮ ಶಾಲೆ ಚನ್ನರಾಯನದುರ್ಗದ ಬೆಟ್ಟ ಕಾಣುವ ಒಂದು ಊರಿನಲ್ಲಿದೆ. ನಾನು ಮಧುಗಿರಿಯಿಂದ ಓಡಾಡುವವಳು. ಬೆಳಗಿನ ಬಸ್ಸಿನಲ್ಲಿ ಕೂರುವ ಹುಡುಗರೆಲ್ಲರ ಫೋನಿನಲ್ಲೂ ಹಾಡು. ನಿನ್ನೆ ಬಿಡುಗಡೆಯಾದ ಸಿನಿಮಾ ಇವತ್ತು ಇವರ ಗ್ರೂಪಿನಲ್ಲಿ ಪೂರ್ತಿಯಾಗಿ ಬಂದು ಬಿದ್ದಿರುತ್ತದೆ, ಅದೂ ಥಿಯೇಟರಿನಲ್ಲಿ ಯಾರೋ ಎದ್ದು ನಡೆದ ತಲೆಯ ಸಮೇತ. ಪಾಠಕ್ಕೆ ಉದಾಹರಣೆ ಹುಡುಕುವ ಕೆಲಸ ನನಗಿರಲಿಲ್ಲ.

ಕ್ಲಾಸಿಗೆ ಹೋದವಳೇ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ: ಹಾಡನ್ನು ಕದ್ದು ಕೇಳಬಾರದು.

ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ನಾನು ತಿರುಗಿ ಒಂದು ನೋಟ ಬಿಟ್ಟೆ. ಆದರೆ ಮುಂದಿನ ಬೆಂಚಿನವರ ಮುಖದಲ್ಲೂ ಗೊಂದಲ. ನಮ್ಮ ಕ್ಲಾಸಿನಲ್ಲಿ ಚಿತ್ರ ಬರೆಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡ ಒಬ್ಬ ಹುಡುಗ ಎದ್ದು ನಿಂತ. ಪಕ್ಕದ ಮನೆಯವರು ಟೇಪಿನಲ್ಲಿ ಹಾಡು ಹಾಕಿದರೆ ನಾವು ಕಿವಿ ಮುಚ್ಚಿಕೊಳ್ಳಬೇಕೇ ಎಂದು ಕೇಳಿದ. ಆಗ ನನಗೆ ಹೊಳೆಯಿತು. ನಾನು ಬರೆದದ್ದು ಕಳ್ಳ ಹಾಡನ್ನು ಕೇಳಬೇಡಿ ಎಂಬರ್ಥದಲ್ಲಿ. ಆದರೆ ಕದ್ದು ಕೇಳುವುದು ಎಂದರೆ ನಮ್ಮಲ್ಲಿ ಮರೆಯಲ್ಲಿ ನಿಂತು ಇನ್ನೊಬ್ಬರ ಮಾತಿಗೆ ಕಿವಿ ಕೊಡುವುದು. ಕನ್ನಡ ಮೇಡಮ್ಮಿನ ಕನ್ನಡವೇ ಬೋರ್ಡಿನ ಮೇಲೆ ಮಗುಚಿ ಬಿದ್ದಿತ್ತು. ನಾನೂ ನಕ್ಕೆ, ಕ್ಲಾಸೂ ನಕ್ಕಿತು.

ಒಬ್ಬಳು ಮಾತ್ರ ನಗಲಿಲ್ಲ. ಕಿಟಕಿ ಪಕ್ಕ ಕೂರುವ ಹುಡುಗಿ. ನಮ್ಮ ಶಾಲೆಯಲ್ಲಿ ಅವಳಂತೆ ಹಾಡುವವರು ಬೇರೆ ಇಲ್ಲ. ಕೊರಟಗೆರೆಯಲ್ಲಿ ನಡೆಯಲಿದ್ದ ತಾಲ್ಲೂಕಿನ ಮಕ್ಕಳ ಸ್ಪರ್ಧೆಗೆ ಜಾನಪದ ಗೀತೆ ಹಾಡಲು ಅವಳನ್ನೇ ಆರಿಸಿದ್ದೆವು. ಅವಳು ನಿಧಾನಕ್ಕೆ ಎದ್ದು ನಿಂತು, “ಮಿಸ್, ನಮ್ಮಜ್ಜಿ ಕದ್ದು ಕೇಳೇ ಹಾಡು ಕಲ್ತಿದ್ದು. ಅದೂ ಕಳ್ತನನಾ?” ಎಂದಳು.

ಅವಳ ಅಜ್ಜಿಯ ಕತೆ ಆಮೇಲೆ ಅವಳ ಬಾಯಿಂದಲೇ ಪೂರ್ತಿ ಕೇಳಿದೆ. ಅಜ್ಜಿ ಊರಾಚೆಯ ಕಾಲೋನಿಯವರು. ಚಿಕ್ಕವರಿದ್ದಾಗ ಊರೊಳಗಿನ ಒಂದು ದೊಡ್ಡ ಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು. ಕೊಟ್ಟಿಗೆಯ ಗೋಡೆಯಾಚೆ ಆ ಮನೆಯ ಹಿರಿಯ ಹೆಂಗಸು ರಾಗಿ ಬೀಸುತ್ತಾ ಪದ ಹೇಳುತ್ತಿದ್ದರಂತೆ. ಈಕೆ ಹೊಸ್ತಿಲು ದಾಟುವಂತಿರಲಿಲ್ಲ, ಹಾಗಾಗಿ ಒಂದು ದಿನವಾದರೂ ಎದುರು ಕೂತು ಕೇಳಿದವರಲ್ಲ. ಸಗಣಿ ಬುಟ್ಟಿ ಕೆಳಗಿಟ್ಟು ಗೋಡೆಗೆ ಕಿವಿಯಾನಿಸಿ ಕೇಳಿದ್ದು. ಪದ ಪೂರ್ತಿ ಕೇಳಿಸುತ್ತಿರಲಿಲ್ಲ. ಬೀಸುವ ಕಲ್ಲಿನ ಸದ್ದಿನಲ್ಲಿ ಮಾತು ಮುಚ್ಚಿಹೋಗಿ ಧಾಟಿ ಮಾತ್ರ ಕಿವಿಗೆ ಬೀಳುತ್ತಿತ್ತು. ಆ ಧಾಟಿಗೆ ಅಜ್ಜಿ ತಮ್ಮದೇ ಮಾತು ಕೂರಿಸಿದರು. ಕಡಲೆಕಾಯಿ ಕೀಳುವಾಗ ಅಜ್ಜಿ ಸೊಲ್ಲು ಎತ್ತಿದರೆ ಉಳಿದ ಹೆಂಗಸರು ಆ ಸಾಲನ್ನೇ ಮತ್ತೆ ಹೇಳುತ್ತಾ ಹಿಂದೆ ಬರುತ್ತಿದ್ದರು. ಹಾಗೆ ಬೆಳೆದ ಹಾಡುಗಳಲ್ಲಿ ಒಂದರ ಮೂರು ಸಾಲು ಇದು:

ಹಾಡೀಗೆ ಹೊಸ್ತಿಲ ಯಾರಿಟ್ಟರವ್ವ
ಗ್ವಾಡೆಯ ದಾಟಿ ಬಂದಾವು – ನನ್ನ
ಮಡ್ಲಾಗೆ ಕುಂತು ನಕ್ಕಾವು

ಈ ಸಾಲುಗಳನ್ನು ಇಲ್ಲಿ ಬರೆಯಲು ಅಜ್ಜಿಯನ್ನು ಕೇಳಿಯೇ ಬಂದಿದ್ದೇನೆ. ಹೆಸರು ಮಾತ್ರ ಬೇಡ ಎಂದರು. “ನನ್ನೆಸ್ರು ಹಾಡಲ್ಲೇ ಐತಲ್ಲ ಮೇಡಮ್ಮೋರೆ, ಪೂರ್ತಿ ಹಾಡ್ದೋರಿಗೆ ಗೊತ್ತಾಯ್ತದೆ” ಎಂದರು. ಈ ಮಾತಿನ ಅರ್ಥ ಮುಂದೆ ಬರುತ್ತದೆ.

ಅವತ್ತು ಆ ಹುಡುಗಿಗೆ ಬಾಯಿಗೆ ಬಂದ ಉತ್ತರ ಕೊಟ್ಟು ಕೂರಿಸಲು ನನಗೆ ಮನಸ್ಸು ಬರಲಿಲ್ಲ. ನಾಳೆ ಎಲ್ಲರೂ ಸೇರಿ ಯೋಚಿಸೋಣ ಎಂದೆ. ಬೆಲ್ ಹೊಡೆಯುವ ಹೊತ್ತಿಗೆ ಚಿತ್ರ ಬರೆಯುವ ಹುಡುಗ ಇನ್ನೊಂದು ಬಾಣ ಬಿಟ್ಟ. “ಮಿಸ್, ಕದ್ದ್ರೆ ಅದು ಅಲ್ಲಿ ಇರಬಾರ್ದಲ್ವಾ? ಹಾಡು ಅಲ್ಲೂ ಐತೆ, ನನ್ ಫೋನಲ್ಲೂ ಐತೆ. ಅದೆಂಗೆ ಕಳ್ತನ?” ಪ್ರಶ್ನೆ ಚೆನ್ನಾಗಿಯೇ ಇತ್ತು. ನನಗೆ ಸಿಟ್ಟಿನ ಜೊತೆ ಖುಷಿಯೂ ಆಯಿತು. ಇಂಥ ತರಲೆಗಳಿಲ್ಲದಿದ್ದರೆ ಈ ಕೆಲಸದಲ್ಲಿ ಸುಖವೇ ಇಲ್ಲ.

ಅವನಿಗೆ ಕೊಡಬೇಕಾದ ಉತ್ತರ ನನಗೆ ಸಂಜೆಯ ಬಸ್ಸಿನಲ್ಲಿ ಹೊಳೆಯಿತು. ಅವನು ಬರೆದ ಬೆಟ್ಟದ ಚಿತ್ರವೊಂದನ್ನು ನಮ್ಮ ಕ್ಲಾಸಿನ ಗೋಡೆಗೆ ಅಂಟಿಸಿದ್ದೆವು. ಬುರುಜು, ಕೋಟೆಯ ಗೋಡೆ, ಕೆಳಗೆ ಕುರಿಮಂದೆ, ಮೂಲೆಯಲ್ಲಿ ಅವನ ಸಹಿ. ಮಾರನೆಯ ದಿನ ಬೆಳಿಗ್ಗೆ ಬೇಗ ಹೋಗಿ ಆ ಸಹಿಯ ಮೇಲೆ ಚೀಟಿಯೊಂದನ್ನು ಅಂಟಿಸಿ ನನ್ನ ಹೆಸರು ಬರೆದೆ. ಪ್ರಾರ್ಥನೆ ಮುಗಿಸಿ ಬಂದವನು ನೋಡಿದ. ಮುಖ ಕೆಂಪಗಾಯಿತು. ಅದು ನನ್ನ ಚಿತ್ರ ಎಂದು ಗಂಟಲೇರಿಸಿದ. ನಾನು ಪುಸ್ತಕ ಜೋಡಿಸುತ್ತಾ, ಚಿತ್ರ ಅಲ್ಲೇ ಇದೆಯಲ್ಲೋ, ಒಂದು ಗೆರೆಯೂ ಕಡಿಮೆಯಾಗಿಲ್ಲ, ನಿನಗೇನು ಕಷ್ಟ ಎಂದೆ.

ಕ್ಲಾಸಿನಲ್ಲಿ ಯಾರೋ ಹೋ ಎಂದರು. ಅವನು ತಲೆ ಕೆರೆದುಕೊಂಡು, ಗೊತ್ತಾಯ್ತು ಬುಡಿ ಮಿಸ್ ಎಂದ. ಚೀಟಿ ಕಿತ್ತು ಕೊಟ್ಟೆ. ಅವನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ. ನಾಳೆ ದಿನ ನನ್ನ ಮೇಲೇ ಸಾಕ್ಷಿ ಹೇಳಲು ಇಟ್ಟುಕೊಂಡನೋ ಏನೋ.

ಆಮೇಲೆ ಅಜ್ಜಿಯ ಪ್ರಶ್ನೆಗೆ ಬಂದೆವು. ಮಕ್ಕಳು ಕಿತ್ತಾಡಿದರು. ಅಜ್ಜಿ ಅನುಮತಿ ಕೇಳದೆ ಕಲಿತದ್ದು ತಪ್ಪು ಎಂದು ಕೆಲವರು, ಒಳಗೆ ಬಿಡದವರ ಹತ್ತಿರ ಕೇಳುವುದಾದರೂ ಹೇಗೆ ಎಂದು ಕೆಲವರು. ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಎದ್ದಳು. ಅಜ್ಜಿ ಯಾವತ್ತೂ ಆ ಧಾಟಿ ತನ್ನದು ಎಂದು ಹೇಳಿಕೊಂಡಿಲ್ಲ. ಹಾಡಿನ ಕೊನೆಯ ಸೊಲ್ಲಿನಲ್ಲಿ, ಬೀಸುಕಲ್ಲಿನ ಮುಂದೆ ಕೂತು ಧಾಟಿ ಕೊಟ್ಟವರು ಇಂಥವರು, ಗೋಡೆಯಾಚೆ ನಿಂತು ಮಾತು ಕೊಟ್ಟವಳು ನಾನು ಇಂಥವಳು ಎಂದು ಎರಡು ಹೆಸರನ್ನೂ ಹೇಳಿಯೇ ಮುಗಿಸುತ್ತಾರೆ. ಆ ಸೊಲ್ಲು ಬಿಟ್ಟು ಎದ್ದರೆ ಅಜ್ಜಿ ಬೈಯುತ್ತಾರಂತೆ. ಇಷ್ಟು ಹೇಳಿ ಅವಳು, “ಕದ್ದು ಕೇಳೋದು ಬೇರೆ ಮಿಸ್, ಕೇಳಿ ಕದಿಯೋದು ಬೇರೆ” ಎಂದಳು.

ನಾನು ಬೋರ್ಡಿನ ಮೇಲಿದ್ದ ನನ್ನ ವಾಕ್ಯ ಒರೆಸಿ ಅವಳ ವಾಕ್ಯ ಬರೆದೆ. ಪಕ್ಕದಲ್ಲಿ ಅವಳ ಹೆಸರನ್ನೂ ಬರೆದೆ. ಇಷ್ಟು ವರ್ಷದ ಮೇಷ್ಟ್ರುಗಿರಿಯಲ್ಲಿ ಒಂದು ಮಗುವಿನ ಮಾತು ಕೇಳಿ ನನಗೆ ಇಷ್ಟು ಹೆಮ್ಮೆಯಾದದ್ದು ಅದೇ ಮೊದಲು. ಸ್ಟಾಫ್ ರೂಮಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ವಿಜ್ಞಾನದ ಮೇಷ್ಟ್ರಿಗೆ ಎರಡು ಸಲ ಹೇಳಿದೆ.

ಇನ್ನು ಮೇಲೆ ಡೌನ್‌ಲೋಡ್ ಮಾಡುವುದಿಲ್ಲ ಎಂದು ಮಕ್ಕಳ ಕೈಯಲ್ಲಿ ಪ್ರತಿಜ್ಞೆ ಮಾಡಿಸುವ ಗೋಜಿಗೆ ನಾನು ಹೋಗಲಿಲ್ಲ. ಆ ಪ್ರತಿಜ್ಞೆ ಸಂಜೆಯ ಬಸ್ಸು ಹತ್ತುವ ಮೊದಲೇ ಆವಿಯಾಗುತ್ತದೆ. ಹಾಡು ಮಾಡಿದವರೇ ಬಿಟ್ಟಿಯಾಗಿ ಕೇಳಿಸುವ ಜಾಗಗಳಿರುತ್ತವೆ, ನಡುವೆ ಜಾಹೀರಾತು ಬಂದರೆ ಬರಲಿ, ಅಲ್ಲೇ ಕೇಳಿ ಎಂದೆ. ಜೊತೆಗೆ ಒಂದು ಕಟ್ಟಳೆ ಮಾಡಿಕೊಂಡೆವು. ನಮ್ಮ ಕ್ಲಾಸಿನಲ್ಲಿ ಯಾರು ಯಾವ ಹಾಡು ಹಾಡಿದರೂ ಮೊದಲು ಅದನ್ನು ಬರೆದವರು ಯಾರು, ಧಾಟಿ ಕಟ್ಟಿದವರು ಯಾರು, ಹಾಡಿದವರು ಯಾರು ಎಂದು ಹೇಳಬೇಕು. ಹೇಳಲಾಗದಿದ್ದರೆ ಹಾಡುವಂತಿಲ್ಲ.

ಅಯ್ಯೋ, ಆಗ ನೋಡಬೇಕಿತ್ತು ಇವರ ಪಾಡು. ದಿನವಿಡೀ ಗುನುಗುವ ಹಾಡು ಬರೆದವರು ಯಾರು ಎಂದರೆ ಒಬ್ಬರಿಗೂ ಗೊತ್ತಿಲ್ಲ. ಹೀರೋನೇ ಬರೆದದ್ದು ಎಂದು ಒಬ್ಬ ವಾದಿಸಿದ. ಪಾವಗಡದ ಕಡೆಯಿಂದ ಬಂದು ಸೇರಿದ್ದ ಒಬ್ಬಳು ತೆಲುಗು ಹಾಡಿನ ಮೂರೂ ಹೆಸರು ಪಟಪಟ ಹೇಳಿ ಮೆರೆದಳು. ಉಳಿದವರಿಗೆ ಅವಮಾನವಾಯಿತು, ಮನೆಗೆ ಹೋಗಿ ಹುಡುಕತೊಡಗಿದರು. ಹಾಡು ಕೇಳುವುದರ ಜೊತೆಗೆ ಹೆಸರು ಓದುವ ಚಟವೂ ಹತ್ತಿತು.

ಆ ಚಟದಿಂದಲೇ ಕಳ್ಳ ಸಿಕ್ಕಿದ್ದು. ಒಂದು ದಿನ ಹುಡುಗನೊಬ್ಬ ಈಗ ಫೋನುಗಳಲ್ಲಿ ಓಡುತ್ತಿರುವ ಹೊಸ ಹಾಡು ಹಾಡುತ್ತೇನೆಂದು ಎದ್ದ. ಕಟ್ಟಳೆಯಂತೆ ಮೊದಲು ಹೆಸರು ಹೇಳಿದ. ಸಾಹಿತ್ಯ, ಸಂಗೀತ ಎರಡೂ ಒಂದು ಸಣ್ಣ ಚಾನೆಲ್ ನಡೆಸುವ ಯುವಕನದು. ಆಮೇಲೆ ಹಾಡು ಎತ್ತಿದ. ಹಾಡೀಗೆ ಹೊಸ್ತಿಲ ಯಾರಿಟ್ಟರವ್ವ.

ಹುಡುಗಿ ಬೆಂಚು ಹಿಡಿದುಕೊಂಡು ಎದ್ದು ನಿಂತಳು. “ಇದು ನಮ್ಮಜ್ಜಿ ಹಾಡು” ಎಂದಳು.

ನಾನು ಫೋನಿನಲ್ಲಿ ತೆಗೆದು ನೋಡಿದೆ. ಅದೇ ಧಾಟಿ, ಅದೇ ಮಾತು, ಹಿಂದೆ ಡ್ರಮ್ಮು ಢಂ ಢಂ ಎನ್ನುತ್ತಿತ್ತು. ಕಡಲೆಕಾಯಿ ಕೀಳುವ ಕಾಲದಲ್ಲಿ ಆ ಯುವಕ ಹೊಲಕ್ಕೇ ಬಂದಿದ್ದನಂತೆ. ಜನಪದ ಉಳಿಸಬೇಕು ಎಂದು ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ, ಟೀ ಕುಡಿದು, ಬಹಳ ವಿನಯದಿಂದ ಕೇಳಿ ಕೇಳಿ ಹಾಡಿಸಿಕೊಂಡು ಹೋಗಿದ್ದ. ಹೆಸರಿದ್ದ ಕೊನೆಯ ಸೊಲ್ಲನ್ನು ಕತ್ತರಿಸಿ ಎಸೆದಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಕ್ಷಣ ಅವನು ಕೈಗೆ ಸಿಕ್ಕಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಕೊರಟಗೆರೆಯ ಸ್ಪರ್ಧೆಗೆ ಹುಡುಗಿ ಕಲಿತಿದ್ದದ್ದು ಅದೇ ಹಾಡು. ಈಗ ಹಾಡಿದರೆ ಫೋನಿನಿಂದ ನಕಲು ಹೊಡೆದಿದ್ದಾಳೆ ಎನ್ನುತ್ತಾರೆ. ಬಿಟ್ಟರೆ ಹಾಡು ಅವನದೇ ಆಗಿಹೋಗುತ್ತದೆ. ಹೆಡ್‌ಮಾಸ್ಟರು ಬೇರೆ ಹಾಡು ಕಲಿಸಿ ಎಂದರು, ಅವರ ಮಾತಲ್ಲೂ ತಪ್ಪೇನಿರಲಿಲ್ಲ. ನಾನು ತೀರ್ಮಾನ ಅವಳಿಗೇ ಬಿಟ್ಟೆ. ಅದನ್ನೇ ಹಾಡುತ್ತೇನೆ, ಅಜ್ಜಿಯ ಹೆಸರು ಎಲ್ಲರ ಮುಂದೆ ಹೇಳಲೇಬೇಕು ಎಂದಳು. ಸೊಲ್ಲಿಗೆ ದನಿಗೂಡಿಸಲು ಕ್ಲಾಸಿನವರೂ ಬರಬೇಕು ಎಂದಳು. ಅಜ್ಜಿಯನ್ನೂ ಕರೆದಳು.

ಸ್ಪರ್ಧೆ ಶುಕ್ರವಾರ ಬಂತು. ಗೊರವನಹಳ್ಳಿ ಲಕ್ಷ್ಮಿಯ ದರ್ಶನಕ್ಕೆ ಹೋಗುವವರ ನಡುವೆ ನಮ್ಮ ಮಕ್ಕಳನ್ನು ಬಸ್ಸಿಗೆ ತುಂಬಿಸುವಷ್ಟರಲ್ಲಿ ನನ್ನ ಸೀರೆಯ ನೆರಿಗೆ ನೆಲ ಕಂಡಿತ್ತು. ಅಜ್ಜಿ ನಿಂತೇ ಬಂದರು. ಮೊಮ್ಮಗಳ ಹೆಗಲು ಹಿಡಿದುಕೊಂಡಿದ್ದರು.

ಹಾಲ್ ತುಂಬಿತ್ತು. ನಮ್ಮ ಹುಡುಗಿ ಮೊದಲ ಸೊಲ್ಲು ಎತ್ತಿದಳು, ಹಿಂದಿನಿಂದ ನಮ್ಮ ಮಕ್ಕಳು ದನಿಗೂಡಿಸಿದರು. ಎರಡನೆಯದಕ್ಕೆ ಬರುವಷ್ಟರಲ್ಲಿ ತೀರ್ಪುಗಾರರು ಕೈ ಎತ್ತಿ ನಿಲ್ಲಿಸಿದರು. ಹಿರಿಯ ಮನುಷ್ಯ, ಕೆಟ್ಟವರಲ್ಲ. ಇದು ಈಚೆಗೆ ಯಾರೋ ಬರೆದು ಫೋನಿನಲ್ಲಿ ಬಿಟ್ಟಿರುವ ಹಾಡು ಕಣಮ್ಮ, ಇಲ್ಲಿ ಜಾನಪದ ಗೀತೆ ಹಾಡಬೇಕು, ನಕಲು ಮಾಡಬಾರದು ಎಂದು ಮೈಕಿನಲ್ಲೇ ಹೇಳಿದರು. ಹಾಲ್‌ನಲ್ಲಿ ಒಂದಿಬ್ಬರು ನಕ್ಕರು. ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ಹುಡುಗಿ ನನ್ನ ಕಡೆ ನೋಡಿ ಬೇಡ ಎನ್ನುವಂತೆ ತಲೆಯಾಡಿಸಿದಳು.

“ಸಾರ್, ಪೂರ್ತಿ ಕೇಳ್ಬುಟ್ಟು ಹೇಳಿ” ಎಂದಳು. ಉತ್ತರಕ್ಕೆ ಕಾಯದೆ ಮುಂದಿನ ಸೊಲ್ಲು ಎತ್ತಿದಳು. ನಮ್ಮ ಮಕ್ಕಳು ಹೆದರದೆ ಹಿಂದೆ ಬಂದರು. ಚಿತ್ರ ಬರೆಯುವ ಹುಡುಗನಿಗೆ ದನಿ ಒಡೆಯುವ ವಯಸ್ಸು, ಅವನದೊಂದು ಬೇರೆಯೇ ಶ್ರುತಿಯಲ್ಲಿ ಮೇಲೆ ಕೇಳುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಕೊನೆಯ ಸೊಲ್ಲು ಬಂತು. ಧಾಟಿ ಕೊಟ್ಟವರ ಹೆಸರು ಬಂತು, ಮಾತು ಕೊಟ್ಟವರ ಹೆಸರು ಬಂತು. ಮಕ್ಕಳು ಎರಡನ್ನೂ ಮತ್ತೆ ಹೇಳಿದರು. ತೀರ್ಪುಗಾರರು ಪೆನ್ನು ಕೆಳಗಿಟ್ಟರು. ಈ ಸೊಲ್ಲು ಆ ವಿಡಿಯೊದಲ್ಲಿ ಇಲ್ಲವಲ್ಲ, ಯಾರಮ್ಮ ಇವರು ಎಂದು ಕೇಳಿದರು. ಧಾಟಿ ಕೊಟ್ಟವರು ತೀರಿಕೊಂಡಿದ್ದಾರೆ, ಮಾತು ಕಟ್ಟಿದವರು ನಮ್ಮಜ್ಜಿ, ಇಲ್ಲೇ ಬಂದಿದ್ದಾರೆ ಎಂದು ಹುಡುಗಿ ಹೇಳಿದಳು.

ಎಲ್ಲರೂ ತಿರುಗಿ ನೋಡಿದರೆ ಅಜ್ಜಿ ಕುರ್ಚಿಯಲ್ಲಿ ಇರಲಿಲ್ಲ. ಮುಂದಿನ ಸಾಲಿನಲ್ಲಿ ನಾನೇ ಹಿಡಿದು ಕೂರಿಸಿದ್ದೆ. ಯಾವಾಗಲೋ ಎದ್ದು ಹೋಗಿ ಬಾಗಿಲ ಹೊರಗೆ, ಗೋಡೆಗೆ ಒರಗಿ ನಿಂತು ಕೇಳುತ್ತಿದ್ದರು. ನಾನು ಓಡಿ ಹೋಗಿ, ನಿಮ್ಮದೇ ಹಾಡಲ್ವಾ ಅಜ್ಜಿ, ಇಲ್ಲಿ ಕದ್ದು ಕೇಳೋದ್ಯಾಕೆ ಎಂದೆ. “ಇಂಗೇ ಚೆನ್ನಾಗಿ ಕೇಳ್ತದೆ ಕಣವ್ವ, ಅಭ್ಯಾಸ” ಎಂದರು. ಕೈ ಹಿಡಿದು ಒಳಗೆ ಕರೆತಂದೆ. ಹಾಲ್ ಎದ್ದು ನಿಂತಿತು.

ಬಹುಮಾನ ಬರಲಿಲ್ಲ. ತೀರ್ಪುಗಾರರು ಮೈಕ್ ಹಿಡಿದು ಕಾರಣ ಹೇಳಿದರು. ಕಟ್ಟಿದವರು ಯಾರೆಂದು ಗೊತ್ತಿಲ್ಲದ ಹಾಡಿಗೆ ಮಾತ್ರ ಇಲ್ಲಿ ಜಾನಪದದ ಬಹುಮಾನ, ಈ ಹಾಡು ಕಟ್ಟಿದವರು ನಮ್ಮೆದುರಿಗೇ ಇದ್ದಾರೆ, ಆದ್ದರಿಂದ ನಿಯಮದಂತೆ ಇದು ಸ್ಪರ್ಧೆಯಿಂದ ಹೊರಗೆ ಎಂದು ಅಜ್ಜಿಯ ಹೆಸರನ್ನು ಊರ ಹೆಸರಿನ ಸಮೇತ ಸ್ಪಷ್ಟವಾಗಿ ಹೇಳಿದರು. ಸೋತು ಇಷ್ಟು ಬೀಗಿಕೊಂಡು ಬಸ್ಸು ಹತ್ತಿದ ಶಾಲೆ ಆ ತಾಲ್ಲೂಕಿನಲ್ಲಿ ಇನ್ನೊಂದು ಇರಲಾರದು. ದಾರಿಯುದ್ದಕ್ಕೂ ಮಕ್ಕಳು ಹಾಡಿದರು. ಕಂಡಕ್ಟರಿಗೂ ಕೊನೆಯ ಸೊಲ್ಲು ಬಾಯಿಗೆ ಬಂತು.

ಆ ವಿಡಿಯೊದ ಕೆಳಗೆ ನಮ್ಮ ಮಕ್ಕಳು ಬರೆಯತೊಡಗಿದರು. ಬೈಗುಳ ಬರೆದರೆ ಕಿವಿ ಹಿಂಡುತ್ತೇನೆ ಎಂದು ನಾನು ಮೊದಲೇ ಹೇಳಿದ್ದೆ. ಈ ಹಾಡಿನ ಮಾತು ನಮ್ಮೂರಿನ ಇಂಥ ಅಜ್ಜಿಯದು, ದಯವಿಟ್ಟು ಹೆಸರು ಹಾಕಿ ಎಂದು ಮರ್ಯಾದೆಯಿಂದಲೇ ಬರೆದರು. ಅವನು ಅಳಿಸಿದ. ಇವರು ಮತ್ತೆ ಬರೆದರು. ಪರೀಕ್ಷೆ ಬಂತು, ಹೋಯಿತು, ಇವರು ಬಿಡಲಿಲ್ಲ. ಕೊನೆಗೊಂದು ಬೆಳಿಗ್ಗೆ ಚಿತ್ರ ಬರೆಯುವ ಹುಡುಗ ಗೇಟಿನಿಂದಲೇ ಕೂಗುತ್ತಾ ಓಡಿಬಂದ. ನೋಡಿದರೆ, ಸಾಹಿತ್ಯ ಎಂದಿದ್ದ ಕಡೆ ಅಜ್ಜಿಯ ಹೆಸರು. ಕತ್ತರಿಸಿದ್ದ ಸೊಲ್ಲು ಬಂದಿರಲಿಲ್ಲ, ಆದರೆ ಹೆಸರು ಬಂದಿತ್ತು. ಕ್ಲಾಸು ಡೆಸ್ಕು ಬಡಿಯಿತು. ನಾನೂ ನನ್ನ ಮೇಜು ಬಡಿದೆ.

ಹುಡುಗಿ ಫೋನನ್ನು ಹತ್ತಿರ ಹಿಡಿದು ಬಹಳ ಹೊತ್ತು ಓದಿದಳು. ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ತಲೆ ಎತ್ತಿ, ಸಂಗೀತ ಅಂತ ಇನ್ನೂ ಅವನ ಹೆಸರೇ ಇದೆ, ಧಾಟಿ ಕೊಟ್ಟವರ ಹೆಸರು ಬಂದಿಲ್ಲ ಎಂದಳು.

ನಿಮ್ಮಜ್ಜಿಯ ಹೆಸರು ಬಂತಲ್ಲ, ಸಾಕು ಬಿಡು ಎಂದ ಹುಡುಗ. ಆ ಮನೆಯವರು ನಿಮ್ಮಜ್ಜಿಯನ್ನು ಒಳಗೇ ಬಿಟ್ಟುಕೊಂಡಿರಲಿಲ್ಲ, ಅವರ ಹೆಸರಿಗೆ ನೀನು ಯಾಕೆ ಬಡಿದಾಡುತ್ತೀಯ ಎಂದ. ನನಗೂ ಆ ಕ್ಷಣ ಅವನ ಮಾತೇ ಸರಿ ಎನ್ನಿಸಿತು.

“ಒಳಗೆ ಬುಡ್ದೇ ಇದ್ದಿದ್ದು ಅವ್ರ ತಪ್ಪು ಕಣ್ಲಾ” ಎಂದಳು ಹುಡುಗಿ. “ಹೆಸ್ರು ಬುಟ್ರೆ ಅದು ನಮ್ ತಪ್ಪು.”

ಹುಡುಗ ಫೋನನ್ನು ಅವಳ ಕೈಯಿಂದ ತೆಗೆದುಕೊಂಡು, ಆಯಮ್ಮನ ಹೆಸರಿಗೆ ದೀರ್ಘ ಬರುತ್ತದೋ ಇಲ್ಲವೋ ಎಂದು ಕೇಳಿದ. ಅವಳು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು, ಅವನು ಬರೆದ.